ಅಲಂಕಾರಿಕ ಮೀನಿನ ವಹಿವಾಟಿನಲ್ಲಿ ಡಿಜಿಟಲ್ ಛಾಯಾಚಿತ್ರ

ಅಲಂಕಾರಿಕ ಮೀನಿನ ಗ್ರಾಹಕರು ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಿಗೋ ಚೆನ್ನೈನ ಕೊಳತ್ತೂರಿಗೋ ಖುದ್ದಾಗಿ ಹೋಗಿ, ತೊಟ್ಟಿಯೊಳಗಿನ ಮೀನನ್ನು ಬೆರಳಿಟ್ಟು ತೋರಿಸಿ, ಬಲೆಯಲ್ಲಿ ಹಿಡಿಸಿ ಒಯ್ಯುವ ಪದ್ಧತಿ ಇನ್ನೂ ನಿಂತಿಲ್ಲ. ಆದರೆ ಪರಊರಿನ ಬೇಡಿಕೆಗಳು, ಅದರಲ್ಲಿಯೂ ಡಿಸ್ಕಸ್, ಉತ್ತಮ ತಳಿಯ ಗಪ್ಪಿ, ಫೈಟರ್ ಮುಂತಾದ ಬೆಲೆಬಾಳುವ ಮೀನುಗಳ ಬೇಡಿಕೆಗಳು, ಇಂದು ಬಹುಮಟ್ಟಿಗೆ ಛಾಯಾಚಿತ್ರದ ಮೇಲೆಯೇ ಇತ್ಯರ್ಥವಾಗುತ್ತವೆ. ಸೀರೆ, ಗ್ರಾನೈಟ್, ಪೀಠೋಪಕರಣಗಳೂ ಚಿತ್ರ ನೋಡಿಯೇ ಮಾರಾಟವಾಗುತ್ತಿರುವುದು ನಿಜ. ಆದರೆ ಒಪ್ಪಿಗೆಯಾಗದ ಸೀರೆಯನ್ನು ಮರಳಿ ಕಳುಹಿಸಬಹುದು. ಆಮ್ಲಜನಕ ತುಂಬಿದ ಪಾಲಿಥೀನ್ ಚೀಲದಲ್ಲಿ ಒಂದು ಹಗಲು ರಾತ್ರಿ ಪ್ರಯಾಣ ಮಾಡಿದ ಮೀನನ್ನು ಮತ್ತೆ ಅದೇ ದಾರಿಯಲ್ಲಿ ಜೀವಂತವಾಗಿ ಹಿಂದಕ್ಕೆ ತರಿಸುವ ಮಾತು ಬಹಳ ಸಂದರ್ಭಗಳಲ್ಲಿ ವ್ಯರ್ಥ.

1930ರ ಸರಕುಗಳ ಮಾರಾಟ ಕಾಯಿದೆಯ 15ನೆಯ ಪ್ರಕರಣದ ಮೇರೆಗೆ, ವರ್ಣನೆಯ ಆಧಾರದಿಂದ ಮಾರಿದ ಸರಕು ಆ ವರ್ಣನೆಗೆ ಹೊಂದಿಕೊಂಡಿರಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಮೀನಿನ ವಹಿವಾಟಿನಲ್ಲಿ ವರ್ಣನೆಯೆಂದರೆ ಮುಖ್ಯವಾಗಿ ಚಿತ್ರವೇ. ಆದುದರಿಂದ ವರ್ತಕನಿಗೆ ಬೇಕಾದುದು ಅತ್ಯಂತ ಸುಂದರವಾದ ಚಿತ್ರವಲ್ಲ, ಮೀನು ತಲುಪಿದ ಮೇಲೆ ಗ್ರಾಹಕನು ಪಕ್ಕದಲ್ಲಿಟ್ಟು ನೋಡಿದರೂ ತಗಾದೆ ಹುಟ್ಟದಂತಹ ಚಿತ್ರ. ಕೆಳಗೆ ಹೇಳಿರುವ ಕ್ರಮಗಳೆಲ್ಲ ಈ ದೃಷ್ಟಿಯಿಂದ ಹೇಳಿದವು.

ಬಣ್ಣವೆಂಬ ತೊಡಕು

ಮೀನಿನ ಬಣ್ಣ ಬಟ್ಟೆಯ ಬಣ್ಣದಂತೆ ಸ್ಥಿರವಲ್ಲ. ನಿಯಾನ್ ಟೆಟ್ರಾ ಮೀನಿನ ಕೆಂಪು ಭಾಗ ವರ್ಣದ್ರವ್ಯದಿಂದ ಬಂದುದು. ಆದರೆ ಅದರ ನೀಲಿ ಪಟ್ಟಿಯನ್ನು ಉಂಟುಮಾಡುವುದು ಚರ್ಮದ ಕಣಗಳಲ್ಲಿರುವ ಗ್ವಾನೀನ್ ಎಂಬ ವಸ್ತುವಿನ ಅತಿ ತೆಳುವಾದ ಹರಳುಗಳು. ಇವು ಬೆಳಕನ್ನು ಪ್ರತಿಫಲಿಸುವುದರಿಂದ ಬಣ್ಣ ಕಾಣುತ್ತದೆಯೇ ಹೊರತು ಅಲ್ಲಿ ನೀಲಿ ದ್ರವ್ಯವೇನೂ ಇಲ್ಲ. ಬೆಳಕಿನ ಕೋನ ಬದಲಾದರೆ ಅದೇ ಪಟ್ಟಿ ಹಸಿರಾಗಿಯೂ ಕಾಣಬಹುದು. ರಾತ್ರಿ ದೀಪವಾರಿಸಿದ ಮೇಲೆ ಈ ಮೀನು ಮಂಕಾಗುತ್ತದೆ. ಬೆಳಗ್ಗೆ ದೀಪ ಹಾಕಿದ ಕೂಡಲೇ ತೆಗೆದ ಚಿತ್ರದಲ್ಲಿ ಅದರ ನಿಜವಾದ ಬಣ್ಣ ಇರುವುದಿಲ್ಲ. ಬೆದರಿದ ಡಿಸ್ಕಸ್ ಮೀನಿನ ಮೈಮೇಲೆ ಕಪ್ಪು ಅಡ್ಡಪಟ್ಟೆಗಳು ಮೂಡುತ್ತವೆ. ಬಿಳಿಯ ತಳವಿರುವ ತೊಟ್ಟಿಯಲ್ಲಿ ಅನೇಕ ಮೀನುಗಳು ಪೇಲವವಾಗುತ್ತವೆ, ಕಪ್ಪು ಮರಳಿನ ಮೇಲೆ ಅವೇ ಗಾಢವಾಗುತ್ತವೆ.

ಇದರ ಮೇಲೆ ದೀಪಗಳ ಪ್ರಭಾವ ಬೇರೆ. ಕೆಂಪು ಛಾಯೆಯ ದೀಪದ ಕೆಳಗೆ ಸಾಧಾರಣ ಗೋಲ್ಡ್ ಫಿಶ್ ಕೂಡ ಕೆಂಡದಂತೆ ಹೊಳೆಯುತ್ತದೆ. ಅಂಗಡಿಯಲ್ಲಿ ಅಂತಹ ದೀಪ ಹಾಕುವುದು ಅಲಂಕಾರವೆನಿಸಬಹುದು. ಆದರೆ ಅದರ ಕೆಳಗೆ ತೆಗೆದ ಚಿತ್ರವನ್ನು ಬೆಲೆಪಟ್ಟಿಗೆ ಅಂಟಿಸುವುದು ಮೋಸಕ್ಕೆ ಸಮೀಪವಾದುದು. ಭಾರತದ್ದೇ ಆದ ಗಾಜುಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ದುರಭ್ಯಾಸ ಈ ಉದ್ಯಮಕ್ಕೆ ಕೆಟ್ಟ ಹೆಸರು ತಂದಿದೆ. ಚುಚ್ಚಿದ ಬಣ್ಣ ಕ್ರಮೇಣ ಮಾಸಿಹೋಗುತ್ತದೆ. ಗಣಕಯಂತ್ರದಲ್ಲಿ ಚಿತ್ರದ ಬಣ್ಣ ಏರಿಸುವುದೂ ಅದೇ ಜಾತಿಯ ಕೆಲಸ, ಮೀನಿಗೆ ನೋವಾಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಎಂಬ ವ್ಯವಸ್ಥೆಯಿದೆ. ಅದನ್ನು ಯಂತ್ರದ ಊಹೆಗೆ ಬಿಡದೆ, ಶುಭ್ರವಾದ ಬಿಳಿ ಪ್ಲಾಸ್ಟಿಕ್ ತುಂಡೊಂದನ್ನು ಮೀನು ನಿಲ್ಲುವ ಜಾಗದಲ್ಲಿಯೇ ನೀರಿನೊಳಗೆ ಹಿಡಿದು, ಅದು ಬಿಳಿಯಾಗಿ ಕಾಣುವಂತೆ ಹೊಂದಿಸಿಕೊಳ್ಳಬೇಕು. ದೀಪ ಬದಲಾದಾಗಲೆಲ್ಲ ಇದನ್ನು ಪುನಃ ಮಾಡುವುದು ಅಗತ್ಯ.

ಚಿತ್ರಕ್ಕೆಂದೇ ಒಂದು ತೊಟ್ಟಿ

ಗಿಡ, ಕಲ್ಲು, ಗಾಳಿಗುಳ್ಳೆಗಳಿಂದ ತುಂಬಿದ ಪ್ರದರ್ಶನ ತೊಟ್ಟಿಯಲ್ಲಿ ಮಾರಾಟದ ಚಿತ್ರ ತೆಗೆಯಲು ಹೊರಟರೆ ಅರ್ಧ ದಿನ ಹಾಳಾಗುತ್ತದೆ. ಇದಕ್ಕೆ ಬದಲು ಎರಡು ಅಡಿ ಉದ್ದದ, ಆರು ಅಂಗುಲ ಅಗಲದ ಸಣ್ಣ ತೊಟ್ಟಿಯೊಂದನ್ನು ಚಿತ್ರಕ್ಕೆಂದೇ ಇಟ್ಟುಕೊಳ್ಳುವುದು ಲೇಸು. ಒಳಗೆ ಒಂದು ಗಾಜಿನ ಹಾಳೆಯನ್ನು ಇಳಿಬಿಟ್ಟರೆ ಮೀನು ಮುಂಬದಿಯ ಗಾಜಿನಿಂದ ಎರಡು ಮೂರು ಅಂಗುಲಕ್ಕಿಂತ ಹಿಂದೆ ಸರಿಯಲಾರದು. ಮೀನು ವಾಸವಿದ್ದ ತೊಟ್ಟಿಯ ನೀರನ್ನೇ ಸೋಸಿ ತುಂಬಬೇಕು. ಹೊಸ ನೀರು ಸುರಿದರೆ ಗಾಜಿನ ಒಳಮೈಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆಯಲ್ಲದೆ ಮೀನಿಗೂ ಹಿತವಲ್ಲ. ಹಿನ್ನೆಲೆಗೆ ಕಪ್ಪು ಅಥವಾ ತಿಳಿನೀಲಿ ಬಟ್ಟೆಯನ್ನು ತೊಟ್ಟಿಯ ಹೊರಗೆ ಒಂದು ಅಡಿ ಹಿಂದೆ ಕಟ್ಟಿದರೆ ಅದರ ನೆರಿಗೆಗಳು ಕಾಣುವುದಿಲ್ಲ. ಮೀನನ್ನು ಬಿಟ್ಟ ಕೂಡಲೇ ಕ್ಯಾಮೆರಾ ಎತ್ತಬಾರದು. ಅದು ರೆಕ್ಕೆ ಬಿಚ್ಚಿ ಸಹಜವಾಗಿ ಈಜುವವರೆಗೆ ಕಾಯಬೇಕು. ಗಂಡು ಫೈಟರ್ ಮೀನಿನ ಎದುರು ಸಣ್ಣ ಕನ್ನಡಿ ಹಿಡಿದರೆ ಅದು ರೆಕ್ಕೆಗಳನ್ನು ಪೂರ್ತಿ ಹರಡುತ್ತದೆ. ಒಂದೆರಡು ನಿಮಿಷದಲ್ಲಿ ಕನ್ನಡಿಯನ್ನು ತೆಗೆದುಬಿಡಬೇಕು.

ಗಾತ್ರದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ, ಏಕೆಂದರೆ ಬೆಲೆ ಅಂಗುಲದ ಲೆಕ್ಕದಲ್ಲಿ ಏರುತ್ತದೆ. ನೀರಿನ ವಕ್ರೀಭವನದಿಂದಾಗಿ ಗಾಜಿನ ಹಿಂದೆ ನಾಲ್ಕು ಅಂಗುಲ ದೂರದಲ್ಲಿರುವ ಮೀನು ಮೂರು ಅಂಗುಲ ದೂರದಲ್ಲಿರುವಂತೆ ಕಾಣುತ್ತದೆ. ಅಳತೆಪಟ್ಟಿಯನ್ನು ಹಿಂಬದಿಯ ಗಾಜಿಗೆ ಅಂಟಿಸಿದರೆ ಮೀನು ಇರುವುದಕ್ಕಿಂತ ದೊಡ್ಡದೆಂದೂ, ಮುಂಬದಿಯ ಗಾಜಿಗೆ ಅಂಟಿಸಿದರೆ ಚಿಕ್ಕದೆಂದೂ ಚಿತ್ರದಲ್ಲಿ ತೋರುತ್ತದೆ. ಪಟ್ಟಿಯು ನೀರಿನೊಳಗೆ, ಮೀನಿರುವ ದೂರದಲ್ಲಿಯೇ ಇರತಕ್ಕದ್ದು.

ಬೆಳಕು ಮತ್ತು ಕ್ಯಾಮೆರಾ

ಕ್ಯಾಮೆರಾದ ಮೇಲಿರುವ ಫ್ಲಾಶನ್ನು ಗಾಜಿನ ಎದುರಿನಿಂದ ಹೊಡೆಯುವುದೇ ಹೊಸಬರ ಮೊದಲ ತಪ್ಪು. ಗಾಜಿನಲ್ಲಿ ಬಿಳಿಯ ಚುಕ್ಕೆಯೊಂದು ಉರಿಯುತ್ತದೆ, ಮೀನಿನ ಹುರುಪೆಗಳು ಕಣ್ಣು ಕೋರೈಸುತ್ತವೆ, ಚಿತ್ರ ರದ್ದಿಗೆ ಸೇರುತ್ತದೆ. ಬೆಳಕು ಮೇಲಿನಿಂದ ಬೀಳಬೇಕು. ಪ್ರತ್ಯೇಕ ಫ್ಲಾಶ್ ಇದ್ದರೆ ತೊಟ್ಟಿಯ ಬಾಯಿಗೆ ಗಾಜಿನ ಹಾಳೆ ಮುಚ್ಚಿ, ಅದರ ಮೇಲೆ ಕೆಳಮುಖವಾಗಿ ಇರಿಸಬೇಕು. ವಿದ್ಯುತ್ ಉಪಕರಣ ನೀರಿಗೆ ಬೀಳದಂತೆ ಭದ್ರಪಡಿಸುವುದನ್ನು ಮರೆಯಬಾರದು. ಮೀನಿನ ಹೊಟ್ಟೆಯ ಭಾಗ ಕಪ್ಪಾಗದಂತೆ ತಳಕ್ಕೆ ಬಿಳಿ ಥರ್ಮೋಕೋಲ್ ಹಾಳೆ ಕೊಟ್ಟರೆ ಸಾಕು. ಹಾಳೆಯ ಹೊಳಪಿಗೆ ಮೀನು ಪೇಲವವಾಗುವಂತಿದ್ದರೆ ಚಿತ್ರ ತೆಗೆಯುವ ಹೊತ್ತಿಗೆ ಮಾತ್ರ ಅದನ್ನು ಕೆಳಗೆ ಸರಿಸಬಹುದು.

ಫ್ಲಾಶ್ ಬಳಸುವಾಗ ಐಎಸ್‌ಓ 100ರಿಂದ 400, ಎಫ್ 8ರ ಸುತ್ತಿನ ರಂಧ್ರ, ಸೆಕೆಂಡಿನ 125ನೆಯ ಅಥವಾ 200ನೆಯ ಒಂದು ಭಾಗದ ಶಟರ್ ವೇಗ ಆರಂಭಕ್ಕೆ ತಕ್ಕುದು. ಚಲನೆಯನ್ನು ಹಿಡಿದು ನಿಲ್ಲಿಸುವುದು ಶಟರ್‌ಗಿಂತ ಹೆಚ್ಚಾಗಿ ಫ್ಲಾಶಿನ ಕ್ಷಣಿಕ ಮಿಂಚು. ಫ್ಲಾಶ್ ಇಲ್ಲದೆ ದೀಪದ ಬೆಳಕನ್ನೇ ನಂಬಿದವರಿಗೆ ಬೇರೊಂದು ತೊಂದರೆಯಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದುದರಿಂದ ಚೋಕ್ ಇರುವ ಟ್ಯೂಬುಗಳೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಮೊಬೈಲ್ ಚಿತ್ರಗಳಲ್ಲಿ ಅಡ್ಡ ಗೆರೆಗಳಾಗಿ ಬೀಳುತ್ತದೆ. ಶಟರನ್ನು 100ನೆಯ ಒಂದು ಭಾಗಕ್ಕೆ ಇಳಿಸಿದರೆ ಗೆರೆ ಹೋಗುತ್ತದೆ, ಆದರೆ ಚುರುಕಾದ ಟೆಟ್ರಾ ಮಸುಕಾಗುತ್ತದೆ. ಮಿನುಗದ ಉತ್ತಮ ಎಲ್‌ಇಡಿ ದೀಪವೊಂದಕ್ಕೆ ಹಣ ಹಾಕುವುದು ಹೊಸ ಕ್ಯಾಮೆರಾ ಕೊಳ್ಳುವುದಕ್ಕಿಂತ ಬುದ್ಧಿವಂತಿಕೆ.

ಲೆನ್ಸು ಗಾಜಿಗೆ ನೇರವಾಗಿರಬೇಕು. ಓರೆಯಾಗಿ ನೋಡಿದಷ್ಟೂ ಗಾಜು ಮತ್ತು ನೀರು ಸೇರಿ ಅಂಚುಗಳನ್ನು ಕದಡಿ ಬಣ್ಣದ ಗೆರೆಗಳನ್ನು ಮೂಡಿಸುತ್ತವೆ. ಸಮೀಪದ ಚಿತ್ರದಲ್ಲಿ ಸ್ಪಷ್ಟತೆಯ ಆಳ ಕೆಲವೇ ಮಿಲಿಮೀಟರ್ ಆದುದರಿಂದ ಮೀನು ಪೂರ್ತಿ ಪಕ್ಕಕ್ಕೆ ತಿರುಗಿದ ಕ್ಷಣಕ್ಕಾಗಿ ಕಾದು, ಫೋಕಸನ್ನು ಕಣ್ಣಿನ ಮೇಲೆ ಇಡಬೇಕು. ಛಾಯಾಗ್ರಾಹಕನ ಪ್ರತಿಬಿಂಬ ತಪ್ಪಿಸಲು ಕಪ್ಪು ರಟ್ಟಿಗೆ ಲೆನ್ಸಿನಷ್ಟು ರಂಧ್ರ ಕೊರೆದು ಅಡ್ಡ ಹಿಡಿಯುವುದು ಸುಲಭೋಪಾಯ. ಪೋಲರೈಸರ್ ಫಿಲ್ಟರ್ ಗಾಜಿಗೆ ನೇರವಾಗಿ ನಿಂತಾಗ ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಖರ್ಚು ಮಾಡಬೇಕಾಗಿಲ್ಲ.

ಕೋಯಿ ಮೀನಿನ ಕ್ರಮ ಮಾತ್ರ ಪ್ರತ್ಯೇಕ. ಅದರ ಬೆಲೆ ಬೆನ್ನಿನ ಮೇಲಿನ ಚಿತ್ತಾರದಲ್ಲಿದೆ. ಆದುದರಿಂದ ಅದನ್ನು ನೀಲಿ ಬಣ್ಣದ ದುಂಡು ತೊಟ್ಟಿಯಲ್ಲಿ ಬಿಟ್ಟು ಮೇಲಿನಿಂದಲೇ ಚಿತ್ರಿಸುವುದು ವರ್ತಕರ ರೂಢಿ. ಆಕಾಶದ ಪ್ರತಿಬಿಂಬ ನೀರಿನ ಮೇಲೆ ಬೀಳದಂತೆ ಕಪ್ಪು ಕೊಡೆ ಹಿಡಿದರೆ ಸಾಕು.

ಕಳುಹಿಸುವ ಮುನ್ನ

ಪ್ರತಿ ಚಿತ್ರದ ಕಡತಕ್ಕೆ ತೊಟ್ಟಿಯ ಸಂಖ್ಯೆ, ದಿನಾಂಕ, ಮೀನಿನ ಉದ್ದ ಸೇರಿಸಿ ಹೆಸರಿಡಬೇಕು. ಆರು ತಿಂಗಳ ಹಿಂದಿನ ಚಿತ್ರ ತೋರಿಸಿ ಇಂದಿನ ಮರಿಗಳನ್ನು ಕಳುಹಿಸುವುದರಿಂದಲೂ ತಗಾದೆಗಳು ಹುಟ್ಟುತ್ತವೆ. ಗುಂಪಿನಲ್ಲಿ ಮಾರುವ ಮೀನಾದರೆ ಅತ್ಯುತ್ತಮವಾದ ಒಂದನ್ನು ಆರಿಸಿ ತೋರಿಸದೆ ಐದಾರು ಮೀನುಗಳು ಒಟ್ಟಿಗಿರುವ ಚಿತ್ರ ಕೊಡಬೇಕು. ಗಣಕಯಂತ್ರದಲ್ಲಿ ಅಂಚು ಕತ್ತರಿಸುವುದು, ಒಟ್ಟು ಬೆಳಕನ್ನು ಸರಿಪಡಿಸುವುದು ಸರಿ. ಬಣ್ಣದ ತೀವ್ರತೆಯನ್ನು ಮುಟ್ಟುವುದು ಬೇಡ. ಮೊಬೈಲ್ ತಾನಾಗಿಯೇ ಬಣ್ಣ ಏರಿಸಿದ್ದರೆ, ತೊಟ್ಟಿಯ ಪಕ್ಕದಲ್ಲಿಯೇ ನಿಂತು ಪರದೆಯನ್ನೂ ಮೀನನ್ನೂ ಹೋಲಿಸಿ ನೋಡಿ ಇಳಿಸಬೇಕು. ಚೀಲಕ್ಕೆ ತುಂಬಿ ಬಾಯಿ ಕಟ್ಟಿದ ಮೇಲೆ ಹಗಲು ಬೆಳಕಿನಲ್ಲಿ ಮತ್ತೊಂದು ಚಿತ್ರ ತೆಗೆದು ಸಾಗಣೆ ರಸೀದಿಯೊಡನೆ ಗ್ರಾಹಕನಿಗೆ ರವಾನಿಸಬೇಕು. ಆ ಚಿತ್ರ ಅಂದವಾಗಿರಬೇಕೆಂದೇನೂ ಇಲ್ಲ. ಮೀನಿನ ಸಂಖ್ಯೆ, ನೀರಿನ ಮಟ್ಟ ಮತ್ತು ದಿನಾಂಕ ಸ್ಪಷ್ಟವಾಗಿ ಕಂಡರೆ ಸಾಕು.