ಹಳೆಯ ಸ್ವೆಟರಿನ ನೂಲು: ಮಷಿನ್‌ಗೆ ಹಾಕುವ ಮೊದಲು



ನಮ್ಮ ಒಂದು ಸಂಘದವರು ಬ್ಯಾಂಕ್ ಸಾಲ ತೆಗೆದು ಕೈಯಿಂದ ನಡೆಸುವ ಹೆಣಿಗೆ ಮಷಿನ್ ಕೊಂಡರು. ಹೊಸ ಉಲ್ಲನ್ ದುಬಾರಿ ಅಂತ ಹಳೆಯ ಸ್ವೆಟರ್ ಬಿಚ್ಚಿ, ಆ ನೂಲನ್ನು ಹಾಗೇ ಮಷಿನ್‌ಗೆ ಕೊಟ್ಟರು. ನೂಲು ಸಿಕ್ಕಿಕೊಂಡಿತು, ಸೂಜಿಗಳು ಬಾಗಿದವು. ಹೆಣೆದು ಕೊಟ್ಟ ಸ್ವೆಟರುಗಳು ಒಗೆದ ಮೇಲೆ ಅಳತೆ ತಪ್ಪಿ ವಾಪಸು ಬಂದವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. "ಮಷಿನ್ ಮಾರಿಬಿಡೋಣ ಸಿಸ್ಟರ್" ಅಂದರು. ತರಬೇತಿಯಲ್ಲಿ ನಾವು ಮಷಿನ್ ನಡೆಸುವುದನ್ನು ಕಲಿಸಿದ್ದೆವು, ನೂಲು ತಯಾರು ಮಾಡುವುದನ್ನು ಕಲಿಸಿರಲಿಲ್ಲ. ತಪ್ಪು ನಮ್ಮದೂ ಇತ್ತು. ಅದಕ್ಕೇ ಈ ಪಾಠ.

ಹರಿಯಾಣದ ಪಾಣಿಪತ್‌ನಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಯಂತ್ರದಲ್ಲಿ ಹರಿದು, ಆ ನಾರನ್ನು ಮತ್ತೆ ನೂತು ಕಂಬಳಿ ಮಾಡುತ್ತಾರೆ. ಹರಿದ ನಾರು ಗಿಡ್ಡವಾಗುತ್ತದೆ. ನಾವು ಮನೆಯಲ್ಲಿ ಬಿಚ್ಚುವ ನೂಲು ನೂಲಾಗಿಯೇ ಉಳಿಯುತ್ತದೆ. ಅದೇ ನಮಗೆ ಲಾಭ.

1. ಆರಿಸುವುದು: ಸ್ವೆಟರನ್ನು ಒಳಮಗ್ಗುಲು ತಿರುಗಿಸಿ ಪಕ್ಕದ ಹೊಲಿಗೆ ನೋಡಿರಿ. ಅಂಚು ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಬೇಡ, ಸಾಲು ಸಾಲೂ ತುಂಡಾಗಿ ಬರುತ್ತದೆ. ಹುಳು ತಿಂದದ್ದು, ಒಗೆದು ಕಂಬಳಿಯಂತೆ ಗಟ್ಟಿಯಾದದ್ದೂ ಬೇಡ. ನೂಲು ಸೂಜಿಯ ಕೊಕ್ಕೆಯೊಳಗೆ ಸಲೀಸಾಗಿ ಕೂರಬೇಕು. ದಪ್ಪ ನೂಲು ತುರುಕಿದರೆ ಸೂಜಿ ಬಾಗುತ್ತದೆ.

ಚಿಕ್ಕ ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿರಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ಆಕ್ರಿಲಿಕ್ ಕರಗಿ ಗಟ್ಟಿ ಮಣಿಯಂತಾಗುತ್ತದೆ.

2. ಬಿಚ್ಚುವುದು: ಮೊದಲು ಸ್ವೆಟರ್ ಒಗೆದು ಒಣಗಿಸಿ, ಹೊಲಿಗೆ ಬಿಡಿಸಿ, ತೋಳು, ಮುಂಭಾಗ, ಹಿಂಭಾಗ ಬೇರೆ ಮಾಡಿರಿ. ಹೆಣಿಗೆ ಮುಗಿದ ತುದಿಯಿಂದ, ಸಾಮಾನ್ಯವಾಗಿ ಕುತ್ತಿಗೆ ಮತ್ತು ಭುಜದ ಕಡೆಯಿಂದ, ಬಿಚ್ಚಿರಿ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿರಿ.

3. ತೊಳೆಯುವುದು: ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಹಾಗೇ ಹೆಣೆದರೆ ಒಗೆದಾಗ ಸುರುಳಿ ಬಿಟ್ಟು ಅಳತೆ ಬದಲಾಗುತ್ತದೆ. ಲಡಿಯನ್ನು ಮೃದು ಸೋಪು ಹಾಕಿದ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿರಿ. ಉಜ್ಜಬೇಡಿ, ಹಿಂಡಬೇಡಿ, ಉಣ್ಣೆ ಗಂಟುಗಟ್ಟುತ್ತದೆ. ಅಷ್ಟೇ ಬೆಚ್ಚಗಿನ ಶುದ್ಧ ನೀರಿನಲ್ಲಿ ಜಾಲಿಸಿ, ಟವೆಲಿನಲ್ಲಿ ಒತ್ತಿ, ಕೆಳಗೆ ಸ್ವಲ್ಪ ಭಾರ ತೂಗಿಸಿ ನೆರಳಿನಲ್ಲಿ ಒಣಗಿಸಿರಿ. ಆಕ್ರಿಲಿಕ್‌ಗೆ ಕುದಿನೀರು, ಇಸ್ತ್ರಿ ತಾಗಿಸಬೇಡಿ. ನೂಲು ಜೀವ ಕಳೆದುಕೊಂಡು ಜೋತುಬೀಳುತ್ತದೆ.

4. ಮೇಣ ಸವರಿ ಸುತ್ತುವುದು: ಹಳೆಯ ನೂಲು ಒರಟಾಗಿರುತ್ತದೆ. ಕೋನ್‌ಗೆ ಸುತ್ತುವಾಗ ಬಿಳಿ ಮೇಣದ ಬತ್ತಿಯ ತುಂಡಿನ ಮೇಲೆ ಹಗುರಾಗಿ ಹಾಯಿಸಿರಿ. ಸಡಿಲವಾಗಿ ಸುತ್ತಿರಿ. ತೆಳುವಾದ ಕಡೆ ನೂಲು ಕಡಿದುಬಿಡಿ. ಸಾಲಿನ ನಡುವೆ ಗಂಟು ಬಂದರೆ ಸೂಜಿಗೆ ಅಪಾಯ. ಹೊಸ ತುದಿಯನ್ನು ಸಾಲಿನ ಅಂಚಿನಲ್ಲೇ ಸೇರಿಸಿರಿ.

5. ಮಾದರಿ ತುಂಡು: 40 ಸೂಜಿ, 60 ಸಾಲು ಹೆಣೆಯಿರಿ. ಒಗೆದು ಒಣಗಿಸಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. ಆಮೇಲೆ ಸ್ವೆಟರಿನ ಲೆಕ್ಕ ಹಾಕಿರಿ.

ಇನ್ನೊಂದು ಮಾತು. ಹೆಣೆದವರಿಗೆ ಮಾತ್ರ ಕೂಲಿ, ಬಿಚ್ಚಿ ತೊಳೆದು ಸುತ್ತಿದವರಿಗೆ ಏನೂ ಇಲ್ಲ ಅಂದರೆ ನ್ಯಾಯವಲ್ಲ. ವಯಸ್ಸಾದ ಅಮ್ಮಂದಿರು ಮಾಡುವ ಕೆಲಸವೇ ಇದು. ಅವರ ಹೊತ್ತನ್ನೂ ಪುಸ್ತಕದಲ್ಲಿ ಬರೆಯಿರಿ, ಬೆಲೆಗೆ ಸೇರಿಸಿರಿ. ಹಳೆಯ ನೂಲು ಅಗ್ಗ ಇರಬಹುದು, ನಿಮ್ಮ ದುಡಿಮೆ ಅಗ್ಗವಲ್ಲ.

ಆ ಸಂಘದವರು ಮಷಿನ್ ಮಾರಲಿಲ್ಲ. ಸೂಜಿ ಬದಲಾಯಿಸಿ, ನೂಲು ತೊಳೆಯುವುದರಿಂದ ಮತ್ತೆ ಶುರು ಮಾಡಿದರು. ಕಂತು ಈಗ ತಪ್ಪುತ್ತಿಲ್ಲ.

ಸಭೆಯಲ್ಲಿ ಚರ್ಚಿಸಲು:
- ನಮ್ಮ ಸಂಘದಲ್ಲಿ ಲೆಕ್ಕಕ್ಕೆ ಬಾರದ ದುಡಿಮೆ ಯಾವುದು? ಯಾರದು?
- ಅವಸರದಿಂದ ನಮಗೆ ಆದ ನಷ್ಟ ಯಾವುದು?