ವಿಂಡೋಸ್ ಹಾಕಿದ್ದಾಯಿತು, ಡ್ರೈವರ್ ಎಲ್ಲಿಂದ?

ಹೊಸದಾಗಿ ವಿಂಡೋಸ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕಾಣುವುದಿಲ್ಲ, ಸ್ಪೀಕರ್ ಸದ್ದು ಮಾಡುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ 11ಕ್ಕೆ ಹೋಗುವವರಿಗೂ ಈ ಪೇಚಾಟ ತಪ್ಪಿದ್ದಲ್ಲ. ಕೊರತೆ ಇರುವುದು ಡ್ರೈವರ್‌ನದು, ಅಂದರೆ ಯಂತ್ರದ ಬಿಡಿಭಾಗಗಳನ್ನು ವಿಂಡೋಸ್‌ಗೆ ಬೆಸೆಯುವ ತಂತ್ರಾಂಶದ್ದು. ಗೂಗಲ್‌ನಲ್ಲಿ ಹುಡುಕಿದರೆ ‘ಡ್ರೈವರ್ ಅಪ್‌ಡೇಟರ್’ ಜಾಹೀರಾತುಗಳೇ ಮುಂದೆ ಬಂದು ನಿಲ್ಲುತ್ತವೆ. ಡ್ರೈವರ್ ಆದರೋ ಜಗಲಿಯಲ್ಲಿ ಕೂತು ಹೋಗುವ ಆ್ಯಪ್ ಅಲ್ಲ, ವಿಂಡೋಸ್‌ನ ಒಳಮನೆಗೇ ಹೋಗುವ ತಂತ್ರಾಂಶ. ಆದ್ದರಿಂದ ಎಲ್ಲಿ ಬೇಗ ಸಿಗುತ್ತದೆ ಎನ್ನುವುದಕ್ಕಿಂತ ಯಾರು ಕೊಟ್ಟದ್ದು ಎಂದು ನೋಡಬೇಕು.

ಮೊದಲು ಮೊಬೈಲನ್ನು ಡೇಟಾ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನಾದರೆ ವೈಫೈ ಡ್ರೈವರ್ ಇಲ್ಲದೆಯೂ ಸಾಮಾನ್ಯವಾಗಿ ಇಂಟರ್‌ನೆಟ್ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನಲ್ಲೋ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲೋ ಸಿಗ್ನಲ್ ಕೈಕೊಡುವುದಾದರೆ, ಕೊಳ್ಳೇಗಾಲಕ್ಕೋ ಹನೂರಿಗೋ ಯಳಂದೂರಿಗೋ ಬಂದಾಗಲೇ ವೈಫೈ ಡ್ರೈವರನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡಿರಿ. ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿನ ಆಪ್ಷನಲ್ ಅಪ್‌ಡೇಟ್ಸ್ ನೋಡಿ. ಬಹಳಷ್ಟು ಕೆಲಸ ಇಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ಅಡಿಭಾಗದ ಸೀರಿಯಲ್ ನಂಬರ್, ಡೆಲ್ ಆದರೆ ಸರ್ವಿಸ್ ಟ್ಯಾಗ್, ಕೊಡಿ. ಬರೀ ಮಾಡೆಲ್ ಹೆಸರು ಸಾಲದು, ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ವೈಫೈ ಕಾರ್ಡ್ ಇರುವುದುಂಟು.

ಕಂಪನಿಯ ಪುಟದಲ್ಲಿರುವುದು ಹಳೆಯ ಆವೃತ್ತಿ ಎನ್ನುವ ಆಕ್ಷೇಪ ನಿಜವೇ. ಆದರೆ ಅದು ಆ ಯಂತ್ರಕ್ಕೆಂದೇ ಪರೀಕ್ಷಿಸಿದ್ದು. ಗ್ರಾಫಿಕ್ಸ್ ಬಿಟ್ಟರೆ ಹೊಸದರ ಹಿಂದೆ ಬೀಳುವ ಅಗತ್ಯ ಕಡಿಮೆ. ಕಂಪನಿಯೇ ಕೈಬಿಟ್ಟ ಹಳೆಯ ಲ್ಯಾಪ್‌ಟಾಪ್ ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನವಿರುವ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ತೆರೆಯಿರಿ. ‘ವೆನ್’ ಪಕ್ಕದಲ್ಲಿ 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಂಡಿ. ಆಯಾ ಚಿಪ್ ಕಂಪನಿಯ ತಾಣಕ್ಕೇ ಹೋಗಬಹುದು.

ಎಲ್ಲ ಯಂತ್ರಕ್ಕೂ ಒಂದೇ ಏಟಿಗೆ ಸಾಕಾಗುವ ಡ್ರೈವರ್ ಪ್ಯಾಕ್ ಇರುವಾಗ ಇಷ್ಟೆಲ್ಲ ಯಾಕೆ? ನೆಟ್ ಇಲ್ಲದ ಕಡೆ ಅದು ಅನುಕೂಲವೇ, ಆದರೆ ಜೊತೆಗೆ ಬೇಡದ ತಂತ್ರಾಂಶವೂ ನುಸುಳಬಹುದು. ಡಿಜಿಟಲ್ ಸಹಿ ಇದೆಯಲ್ಲ ಎನ್ನುವುದೂ ಪೂರ್ತಿ ಉತ್ತರವಲ್ಲ: 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶದ ಡ್ರೈವರ್‌ಗೆ ರಿಯಲ್‌ಟೆಕ್‌ನಿಂದ ಕದ್ದ ಸಹಿಯೇ ಇತ್ತು.

ಕಂಪನಿಯ ಪುಟದಲ್ಲಿ ಡ್ರೈವರ್‌ಗಳ ನಡುವೆಯೇ ಬಯೋಸ್ ಅಪ್‌ಡೇಟ್ ಕೂಡ ಕಾಣುತ್ತದೆ. ಡ್ರೈವರ್‌ಗಳನ್ನು ಸಾಲಾಗಿ ಒತ್ತುತ್ತಾ ಹೋಗುವಾಗ ಅದನ್ನೂ ಒತ್ತಿಬಿಡಬೇಡಿ. ಹಾಕಲೇಬೇಕಾದರೆ ಚಾರ್ಜರ್ ಜೋಡಿಸಿ, ಬ್ಯಾಟರಿ ಚೆನ್ನಾಗಿ ತುಂಬಿರುವಾಗ ಹಾಕಿ. ಅರ್ಧದಲ್ಲಿ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಆನ್ ಆಗುವುದೇ ಕಷ್ಟ.