ಗಣಕಯಂತ್ರ ನಡುವೆ ನಿಲ್ಲುವುದೇಕೆ?

ಆಸ್ಪರಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬುತ್ತಿದ್ದಾಳೆನ್ನಿ. ಅಂದೇ ಕೊನೆಯ ದಿನ. ಅಷ್ಟರಲ್ಲಿ ‘ಅಪ್‌ಡೇಟ್’ ಎಂದು ತೋರಿಸಿ ಯಂತ್ರ ತಾನಾಗಿಯೇ ಆರಿತು. ಬರೆದುದೆಲ್ಲ ಹೋಯಿತು. ಸಿಟ್ಟು ಬಾರದಿರುವುದೇ? ಆದರೆ ಯಂತ್ರ ಹೀಗೇಕೆ ಮಾಡುತ್ತದೆ?

ಆದವಾನಿಯ ಹತ್ತಿ ಗಿರಣಿಯಲ್ಲಿ ಪಟ್ಟಾ ಸವೆದರೆ, ಯಂತ್ರವನ್ನು ನಿಲ್ಲಿಸಿಯೇ ಹೊಸದನ್ನು ಹಾಕಬೇಕು. ಇಲ್ಲಿಯೂ ಹಾಗೆಯೇ. ಕೆಲಸದಲ್ಲಿರುವ ಕೆಲವು ಮುಖ್ಯ ಕಡತಗಳನ್ನು ಬದಲಿಸಬೇಕಾದರೆ ಗಣಕಯಂತ್ರ ಒಮ್ಮೆ ನಿಂತು ಮತ್ತೆ ಏಳಬೇಕು. ಇದೇ ರೀಸ್ಟಾರ್ಟ್.

ಈ ದುರಸ್ತಿಯನ್ನು ಕೈಬಿಟ್ಟರೆ? ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ 2017ರ ಮಾರ್ಚ್ 14ರಂದು ದುರಸ್ತಿ ಕೊಟ್ಟಿತು. ಅದನ್ನು ಹಾಕಿಕೊಳ್ಳದ ಯಂತ್ರಗಳಿಗೆ ಮೇ 12ರಿಂದ ‘ವನ್ನಾಕ್ರೈ’ ಎಂಬ ಪಿಡುಗು ನುಗ್ಗಿತು. ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ನಮ್ಮ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಯಂತ್ರಗಳಿಗೂ ಅದು ತಗುಲಿತು.

ಹಾಗೆಂದು ಹುಡುಗಿಯ ದೂರು ಸುಳ್ಳಲ್ಲ. ದುರಸ್ತಿ ಬೇಕು, ಆದರೆ ಹೊತ್ತು ನಮ್ಮದಾಗಿರಬೇಕು. ವಿಂಡೋಸ್ 10 ಮತ್ತು 11ರಲ್ಲಿ ‘ಆಕ್ಟಿವ್ ಅವರ್ಸ್’ ಎಂಬಲ್ಲಿ ನಮ್ಮ ಕೆಲಸದ ವೇಳೆಯನ್ನು ಗೊತ್ತುಮಾಡಬಹುದು. ಆ ವೇಳೆಯಲ್ಲಿ ಯಂತ್ರ ತಾನಾಗಿ ರೀಸ್ಟಾರ್ಟ್ ಆಗದಂತೆ ನೋಡಿಕೊಳ್ಳುತ್ತದೆ. ಬಾಕಿ ಇರುವ ಅಪ್‌ಡೇಟನ್ನು ಅರ್ಜಿ ತುಂಬುವ ಮುನ್ನವೇ ಮುಗಿಸಿರಿ. ಬರೆದುದನ್ನು ಆಗಾಗ ಸೇವ್ ಮಾಡಿರಿ.

ಜಾಣ ರೈತ ಕೂರಿಗೆಯನ್ನು ಬಿತ್ತನೆಗೆ ಮೊದಲೇ ಸರಿಪಡಿಸಿಕೊಳ್ಳುತ್ತಾನೆ. ಸಾಲಿನ ನಡುವೆ ನಿಂತಲ್ಲ.